ಪಡಸಾಲೆಯಲ್ಲಿ ಲಂಡನ್ ಟೈಮ್

ನಮ್ಮ ಮನೆಯವರು ತೀರಿಕೊಂಡ ಮೇಲೆ ರೇಡಿಯೊ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲೇನು ಮಹಾ, ಕಿವಿ ಹಿಂಡಿದರೆ ಮಾತಾಡುತ್ತದೆ ಅಂದುಕೊಂಡಿದ್ದೆ.

ಅವರಿಗೆ ಪರದೇಶದ ರೇಡಿಯೊ ಕೇಳುವ ಹುಚ್ಚು. ಅಂಥ ಹುಚ್ಚಿನವರದೇ ಒಂದು ಕ್ಲಬ್ಬಿತ್ತು. ಸದಸ್ಯರು ಜಪಾನಿನಿಂದ ಬ್ರೆಜಿಲ್‌ವರೆಗೆ, ನಡುವೆ ನಮ್ಮೂರು ಶಲವಡಿಯಲ್ಲಿ ಇವರು. ಒಬ್ಬರಿಗೆ ಹಗಲಾದರೆ ಇನ್ನೊಬ್ಬರಿಗೆ ರಾತ್ರಿ. ಗೊಂದಲ ಬೇಡವೆಂದು ಎಲ್ಲರೂ ಲಂಡನ್ ಟೈಮನ್ನೇ ಹಿಡಿದಿದ್ದರು. ಹೀಗಾಗಿ ನಮ್ಮ ಪಡಸಾಲೆಯಲ್ಲಿ ಎರಡು ಗಡಿಯಾರ: ಒಂದು ಮನೆ ಮಂದಿಗೆ, ಒಂದು ಲಂಡನ್ನಿಗೆ.

ಅಣ್ಣಿಗೇರಿಯ ಈರಣ್ಣ ಮಾಸ್ತರೂ ಆ ಕ್ಲಬ್ಬಿನವರೇ. ಒಂದು ದಿನ ಬಂದು, "ಬರೂ ಭಾನುವಾರ ರೇಡಿಯೊದಾಗ ಅವರ ಹೆಸರು ಹೇಳಿ ನೆನಸ್ತಾರ್ರಿ, ಅಕ್ಕಾರ. ಅವರ ಗಡಿಯಾರದಾಗ ಮಧ್ಯಾಹ್ನ ಒಂದು ಹೊಡದಾಗ ಹಚ್ಚರಿ. ಸ್ಟೇಷನ್ ನಾನ ಹಿಡಿದಿಟ್ಟು ಹೊಕ್ಕೀನಿ" ಅಂದರು.

ಒಂದೇ ಸಲ ಹೇಳುವ ಹೆಸರು. ನನಗೆ ಅದನ್ನು ಕೇಳಲೇಬೇಕಿತ್ತು. ಗಂಡನ ಹೆಸರನ್ನು ನಾನಂತೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಉಳಿದವರೂ ಹೇಳುವುದು ಬಿಟ್ಟಿದ್ದರು.

ಭಾನುವಾರ ಓಣಿಯ ಮಂದಿಯನ್ನು ಕರೆದೆ. ಲಂಡನ್ ಗಡಿಯಾರ ಒಂದು ಹೊಡೆಯಿತು. ರೇಡಿಯೊ ಹಚ್ಚಿ, ಎಲ್ಲರೂ ಕೈಮುಗಿದು ನಿಂತೆವು. ಯಾರೋ ಯಾವುದೋ ಭಾಷೆಯಲ್ಲಿ ಮಾತಾಡಿದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಷ್ಟರಲ್ಲಿ ಡೋಲು, ಪೀಪಿ ಶುರುವಾದವು.

ಬಾಜೂಮನೆ ಗಂಗವ್ವ ನನ್ನ ಕಿವಿಯಲ್ಲಿ, "ಸತ್ತವರ ಹೆಸರಿಲೆ ಇಂಥಾ ಕುಣಿಯೂ ಹಾಡು ಹಾಕ್ತಾರೇನ ಬೇ?" ಅಂದಳು.

"ಅವರ ಕಡೆ ಪದ್ಧತಿ ಹಂಗ" ಅಂದೆ, ಲಂಡನ್ನಿನಲ್ಲೇ ಹುಟ್ಟಿದವಳಂತೆ.

ಚಹಾ ಕುಡಿದು ಮಂದಿ ಹೋದರು. ಹೆಸರು ಮಾತ್ರ ನನ್ನ ಕಿವಿಗೆ ಬಿದ್ದಿರಲಿಲ್ಲ.

ಸಂಜೆ ಈರಣ್ಣ ಮಾಸ್ತರು ಬಸ್ಸಿಳಿದು ಬಂದರು. "ಜೋಡಿಲೆ ಕೇಳೂಣಂತ ಬಂದೆ ನೋಡ್ರಿ." ಆಮೇಲೆ ಗೋಡೆ ನೋಡಿದರು. "ಎರಡೂ ಗಡಿಯಾರ ಒಂದ ಟೈಮ್ ತೋರಸ್ತಾವಲ್ರಿ?"

ತೋರಿಸದೆ ಏನು ಮಾಡಿಯಾವು! ಅವರು ತೀರಿಕೊಂಡ ದಿನಗಳಲ್ಲಿ ಯಾರೂ ಕೀಲಿ ಕೊಡದೆ ಲಂಡನ್ ಗಡಿಯಾರ ನಿಂತುಬಿಟ್ಟಿತ್ತು. ಪಾಪ ಅನಿಸಿ ನಾನೇ ಕೀಲಿ ಕೊಟ್ಟು, ಬಾಜೂದ ಗಡಿಯಾರ ನೋಡಿ ಮುಳ್ಳು ತಿರುಗಿಸಿದ್ದೆ.

"ಲಂಡನ್ನಿನ ಒಂದು ಅಂದ್ರ ನಮಗ ಸಂಜೀ ಆರೂವರಿ ರೀ" ಅಂದರು ಮಾಸ್ತರು. "ಇನ್ನ ಸ್ವಲ್ಪ ಹೊತ್ತೈತಿ, ಕುಂದರ್ರಿ."

ಅತ್ತೆಗೆ ವಿಷಯ ತಿಳಿಸಿದೆ. "ಅಳೂದೆಲ್ಲಾ ಮಧ್ಯಾಹ್ನನ ಅತ್ತೀನಿ. ಮತ್ತ ಎಲ್ಲಿಂದ ತರ್ಲಿ?" ಅಂದರು. ಆದರೂ ಬಂದು ರೇಡಿಯೊ ಮುಂದೆ ಕುಳಿತರು.

ಕರೆದ ಮಂದಿಗೆಲ್ಲ ಸುಳ್ಳು ಹೇಳಿದಂತಾಯಿತಲ್ಲ. ಗಂಗವ್ವನನ್ನಾದರೂ ಕರೆತರೋಣವೆಂದು ಓಡಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಮಧ್ಯಾಹ್ನ ಆತಲ್ಲ ಬೇ? ದಿನಕ್ಕ ಎಷ್ಟು ಸಲ ನೆನಸ್ತಾರ?"

ತಿರುಗಿ ಬಂದಾಗ ಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಹೆಸರು ಹೇಳಿದ್ರು" ಅಂದರು ಅತ್ತೆ. "ಸ್ವಚ್ಛ ಹೇಳಿದ್ರು. ನೀ ಎಲ್ಲಿ ಹೋಗಿದ್ದಿ?"

ನಾನು ಗಂಗವ್ವನ ಬಾಗಿಲಲ್ಲಿ ನಿಂತು, ಲಂಡನ್ ಟೈಮ್ ಅಂದರೆ ಏನು ಎಂದು ಅವಳಿಗೆ ಬಿಡಿಸಿ ಹೇಳುತ್ತಿದ್ದೆ.