ಸೀನೀರ ಬಾವಿಯ ಸರದಾರ

ಚನ್ನವೀರನ ಅಂಗೈಯಲ್ಲಿ ಎದ್ದ ಒಂದು ಗುಳ್ಳೆಯೇ ಇಷ್ಟಕ್ಕೆಲ್ಲ ಮೂಲ. ಹೆಂಡತಿ ರಾಜಶ್ರೀ ಸಿಂಧನೂರಿನ ಶಾಲೆಯಲ್ಲಿ ಟೀಚರ್. ಬೆಳಗಿನ ಬಸ್ಸು ಹಿಡಿಯುವವಳು. ಹಾಗಾಗಿ ಓಣಿಯ ಬಾವಿಯಿಂದ ನೀರು ಸೇದುವ ಕೆಲಸ ಇವನ ಪಾಲಿಗೆ ಬಂದಿತ್ತು. ಮಸ್ಕಿ ಪೇಟೆಯಲ್ಲಿ ಬಟ್ಟೆ ಹೊಲಿಯುವ ಮೆತ್ತನೆಯ ಕೈ, ಹಗ್ಗಕ್ಕೆ ಹೇಳಿಸಿದ್ದಲ್ಲ. ಗುಳ್ಳೆ ಒಡೆದ ದಿನವೇ ಅವನು ಯಾರಿಗೂ ಹೇಳದೆ, ಬಾವಿಗೆ ಹೊಂದಿಕೊಂಡ ತನ್ನ ಹಿತ್ತಿಲಲ್ಲಿ ಬೋರ್ ಹೊಡೆಸಲು ಫೋನು ಮಾಡಿಬಿಟ್ಟ.

ಹೇಳದಿರಲು ಕಾರಣವಿತ್ತು. ಆ ಸುತ್ತ ಎಲ್ಲಿ ತೋಡಿದರೂ ಸವಳು ನೀರು. ಈ ಬಾವಿಯೊಂದರಲ್ಲೇ ಸೀನೀರು ಉಳಿದಿತ್ತು. ಹಿಂದಿನ ಓಣಿಯವರು ಬೋರ್ ಹೊಡೆಸಿ, ತಳದ ಸವಳನ್ನು ಮೇಲೆಳೆದು, ತಮ್ಮ ಬಾವಿಯನ್ನು ಕೆಡಿಸಿಕೊಂಡಿದ್ದರು. ಈಗ ಅವರೂ ಕೊಡ ಹಿಡಿದು ಇಲ್ಲಿಗೇ ಬರುತ್ತಿದ್ದರು.

ಮರುದಿನ ರಾಜಶ್ರೀ ಬಸ್ಸು ಹತ್ತಿದ ಮೇಲೆ ಬೋರ್ ಲಾರಿ ಬಂತು. ಗುಟ್ಟಾಗಿ ಬರಲು ಅದೇನು ಬೆಕ್ಕೆ? ಬೆಲ್ಲದ ಅಂಗಡಿಗೆ ನುಗ್ಗಿದ ಆನೆಯ ಹಾಗೆ ಘೀಳಿಡುತ್ತ, ಕನಕಮ್ಮನ ಮನೆ ಮುಂದಿನ ಚಪ್ಪರದ ಕೋಲು ಮುರಿದು, ಬಾವಿಯೆದುರೇ ನಿಂತಿತು.

"ಯಾರ ಮನಿಗಿ ಬಂತಪಾ ಈ ಪೀಡಾ?" ಕನಕಮ್ಮ ಮುರಿದ ಕೋಲು ಹಿಡಿದೇ ಕೇಳಿದಳು.

ಓಣಿಗೆಲ್ಲ ಹಿರಿಯಳಾದ ಹಾಜಿರಾಬೀ ಲಾರಿಗೆ ಅಡ್ಡಲಾಗಿ ಕುರ್ಚಿ ಹಾಕಿಸಿಕೊಂಡು ಕೂತಳು. "ಸೀನೀರು ಅಂದ್ರ ಹಾಲಿನ ಮ್ಯಾಲಿನ ಕೆನಿ ಇದ್ದಂಗ. ತಳಕ್ಕ ತೂತು ಕೊರದ್ರ ಸವಳ ಮ್ಯಾಲ ಬರ್ತೈತಿ. ಕರಿಸಿದಾಂವ ಯಾರದಾನ, ಮುಂದ ಬರ್ಲಿ."

ಯಾರೂ ಮುಂದೆ ಬರಲಿಲ್ಲ. ಲಾರಿಯೊಳಗೆ ಕೂತಿದ್ದ ಡ್ರೈವರ್ ಫೋನು ತೆಗೆದು, ಕರೆಸಿದವನ ನಂಬರು ಒತ್ತಿದ. ನೆರೆದ ಗುಂಪಿನ ನಡುವೆ ಚನ್ನವೀರನ ಜೇಬು ಹಾಡತೊಡಗಿತು.

ಎಲ್ಲರೂ ಅವನತ್ತ ತಿರುಗಿದರು. ಚನ್ನವೀರನಿಗೆ ನಿಂತಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಾಯಿಬಿಟ್ಟದ್ದು ಅವನೇ. "ಲಾರಿ ಮ್ಯಾಲಿನ ನಂಬರಿಗಿ ಆಗಲೇ ಹಚ್ಚಿದ್ದೆ, ಮಾಲಕಂದ ಫೋನ್ ಇದು. ನಾ ಮಾತಾಡ್ತೀನಿ, ನೀವು ಸುಮ್ಕಿರ್ರಿ" ಎಂದವನೇ ಬಾವಿ ಕಟ್ಟೆ ಹತ್ತಿದ. ಫೋನಿಗೆ ಬಾಯಿಟ್ಟು, "ಯಾರನ್ನ ಕೇಳಿ ಕಳಿಸೀರಿ ಲಾರಿ? ತಿರುಗಸ್ರಿ" ಎಂದು ಗದರಿದ.

ಡ್ರೈವರ್ ದಿಗಿಲುಗೊಂಡ. ಬೈಗುಳ ಅವನ ಒಂದು ಕಿವಿಗೆ ಫೋನಿನಿಂದ, ಇನ್ನೊಂದು ಕಿವಿಗೆ ಕಟ್ಟೆಯಿಂದ ಬೀಳುತ್ತಿತ್ತು. ಅವನು ಏನೋ ಹೇಳಹೊರಟದ್ದು ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು.

ಹೆದರಿಕೆಯಿಂದ ಶುರುವಾದ ಮಾತು ನಿಲ್ಲಲಿಲ್ಲ. "ಈ ನೀರಿಗಿ ಯಂತ್ರ ತಾಕಬಾರದು. ಕೈಲೆ ಸೇದಿದಷ್ಟ ನಮ್ಮದು. ದುರಾಸಿ ಬಿದ್ದು ಎಳದ್ರ ಹಿಂದಿನ ಓಣಿ ಗತಿನ ನಮಗ. ನಾಳಿ ನಮ್ಮ ಮಕ್ಕಳು ಏನ್ ಕುಡೀಬೇಕು?" ಎನ್ನುವಾಗ, ಖಾಲಿ ಕೊಡ ಹಿಡಿದು ನಿಂತಿದ್ದ ಹಿಂದಿನ ಓಣಿಯ ಹೆಂಗಸರು ಕಣ್ಣಿಗೆ ಬಿದ್ದರು. ತಾನು ಹೇಳುತ್ತಿರುವುದು ನಿಜವೆಂದು ಅವನಿಗೆ ಆಗಲೇ ಹೊಳೆದದ್ದು.

ಲಾರಿ ಹಿಂದಕ್ಕೆ ಸರಿಯುತ್ತ ಓಣಿ ದಾಟಿತು. ಜನ ಚನ್ನವೀರನನ್ನು ಹೆಗಲ ಮೇಲೆ ಹೊತ್ತರು. ಕನಕಮ್ಮ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿ ಹಂಚಿದಳು. ಹುಟ್ಟಿದಂದಿನಿಂದ ಯಾವ ಜಗಳದಲ್ಲೂ ಗೆಲ್ಲದವನು ಅಂದು ಸಂಜೆಯವರೆಗೂ ಎದೆಯುಬ್ಬಿಸಿಕೊಂಡೇ ತಿರುಗಿದ.

ಸಂಜೆ ರಾಜಶ್ರೀ ಬಸ್ಸಿಳಿದು ಬರುವಷ್ಟರಲ್ಲಿ ಹಾಜಿರಾಬೀ ಚನ್ನವೀರನ ಮನೆಗೆ ಬಂದು ಕೂತಿದ್ದಳು.

"ಬೇಟಾ, ನೀ ನಮ್ಮ ಕಣ್ಣು ತೆರಿಸಿದಿ" ಎಂದಳು. "ಬಾವಿಗಿ ಮೋಟಾರ್ ಕೂಡಿಸಿ ಮನಿಮನಿಗಿ ನಳ ಕೊಡಾಣು ಅಂತ ಹೆಣ್ಮಕ್ಕಳೆಲ್ಲ ಕೂಡಿ ವಿಚಾರ ಮಾಡಿದ್ವಿ. ಲಿಂಗಸುಗೂರಿಂದ ಮೋಟಾರ್ ಬಂದಿತ್ತು. ನಾಳಿ ಮೊದಲ ನಳ ನಿಮ್ಮ ಮನಿಗೇ ಬರೋದಿತ್ತು. ನಿನ್ನ ಮಾತು ಕೇಳಿ ನಾಚಿಕಿ ಆತು. ಮಧ್ಯಾಹ್ನನ ವಾಪಸ್ ಕಳಿಸಿಬಿಟ್ವಿ."

ಚನ್ನವೀರ ಹೆಂಡತಿಯ ಮುಖ ನೋಡಿದ.

"ಒಮ್ಮೆಲೆ ತೋರಿಸಾಣಂತ ನಾನೂ ನಿಮಗ ಹೇಳಿದ್ದಿಲ್ರಿ" ಎಂದಳು ರಾಜಶ್ರೀ ಹೆಮ್ಮೆಯಿಂದ. "ನೀರು ಸೇದಾದು ನಿಮಗ ಇಷ್ಟು ಪ್ರೀತಿ ಅಂತ ನನಗೆಲ್ಲಿ ಗೊತ್ತಿತ್ತು?"

ಹೊರಗೆ ಅವನ ಹೆಸರಿನ ಜೈಕಾರ ಇನ್ನೂ ನಡೆದಿತ್ತು. ಚನ್ನವೀರ ಕೈಮುಗಿಯುತ್ತ ಬಾವಿಯ ಬಳಿ ಬಂದ. ಸಾಲಿನಲ್ಲಿದ್ದವರೆಲ್ಲ ಗೌರವದಿಂದ ದಾರಿ ಬಿಟ್ಟು, ಹಗ್ಗವನ್ನು ಅವನ ಕೈಗೇ ಕೊಟ್ಟರು.