ಹೈಡ್ರೋಜನ್ ಉಂಡು ತೇಗಿದವರಿಗೆ

ಹಳೆಯ ಅನಿಲ ಬಾವಿಯ ತಳದಲ್ಲಿ ಸಕುಟುಂಬ ಸಪರಿವಾರರಾಗಿ ನೆಲೆಸಿರುವ ಬ್ಯಾಕ್ಟೀರಿಯಾ ಮಹಾಶಯರಿಗೆ, ಅದೇ ಬಾವಿಯ ಒತ್ತಡಮಾಪಕ ನೋಡಿಕೊಳ್ಳುವ ನೌಕರನ ಸಾಷ್ಟಾಂಗ ನಮಸ್ಕಾರಗಳು. ತಾವಿರುವುದು ನೆಲದಡಿಯಲ್ಲಾದ್ದರಿಂದ ನಿಂತು ಕೈಮುಗಿದರೆ ತಲುಪಲಾರದು.

ಮಾನ್ಯರೇ,

ಬೇಸಿಗೆಯಲ್ಲಿ ತಯಾರಿಸಿದ ಹೈಡ್ರೋಜನ್ ಅನಿಲವನ್ನು ಚಳಿಗಾಲದ ಉಪಯೋಗಕ್ಕೆಂದು ನಾವು ಆ ಬರಿದಾದ ಬಾವಿಯೊಳಗೆ ತುಂಬಿಟ್ಟಿದ್ದೆವು. ಅದು ತಮಗೆ ಬಡಿಸಿಟ್ಟ ತಟ್ಟೆಯಂತೆ ಕಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾಪಕದ ಮುಳ್ಳು ದಿನೇ ದಿನೇ ಇಳಿಯತೊಡಗಿದಾಗ ನಮ್ಮ ವ್ಯವಸ್ಥಾಪಕರು ಬಾವಿಯನ್ನು ಬಿಟ್ಟು ನನ್ನ ಮುಖ ನೋಡಿದರು.

ಹತ್ತೊಂಬತ್ತು ವರ್ಷಗಳಲ್ಲಿ ಒಂದು ಕವಾಟವನ್ನೂ ಸಡಿಲ ಬಿಡದ ನನಗೆ, ಅನಿಲ ಸೋರಲು ಬಿಟ್ಟಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದೆಂದು ನೋಟಿಸು ಬಂತು. ಹದಿನೈದು ದಿನ ಸಾಬೂನು ನೀರಿನ ಬಕೆಟ್ಟು ಹಿಡಿದು ಕೊಳವೆಗಳ ಪ್ರತಿಯೊಂದು ಜೋಡಣೆಗೂ ಸ್ನಾನ ಮಾಡಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಈ ನಡುವೆ ತಮ್ಮ ತೇಗು ಕೊಳೆತ ಮೊಟ್ಟೆಯ ವಾಸನೆಯಾಗಿ ಮೇಲೆ ಬಂದಾಗ ವ್ಯವಸ್ಥಾಪಕರು ನನ್ನ ಊಟದ ಡಬ್ಬಿ ತೆರೆಸಿ ನೋಡಿದರು. ಈ ಸುದ್ದಿ ಹೆಂಡತಿಯ ಕಿವಿಗೆ ಬಿದ್ದ ಮೇಲೆ ಮನೆಯಲ್ಲಿ ನನಗಾದ ಮಂಗಳಾರತಿಗೂ ತಾವೇ ಹೊಣೆ.

ಕೊನೆಗೆ ನನ್ನನ್ನು ಕಾಪಾಡಿದವಳು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅಕ್ಕನ ಮಗಳು. ಬಾವಿಯ ತಳದ ನೀರನ್ನು ಸೀಸೆಯಲ್ಲಿ ಒಯ್ದವಳು ಮೂರು ವಾರದ ನಂತರ ಕರೆದು, "ಮಾವ, ಇದು ಸೋರಿಕೆ ಅಲ್ಲ. ಕೆಳಗೆ ಯಾರೋ ಕೂತು ಉಣ್ತಾ ಇದ್ದಾರೆ" ಎಂದಳು. ಸೂಕ್ಷ್ಮದರ್ಶಕದಲ್ಲಿ ತಮ್ಮ ಸಂಸಾರವನ್ನು ಕಂಡು, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ಬೆಳಕು ಬೇಡ, ಗಾಳಿ ಬೇಡ, ಹೈಡ್ರೋಜನ್ನಿನ ಜೊತೆಗೆ ನೀರಿನಲ್ಲಿ ಕರಗಿದ ಒಂದಿಷ್ಟು ಗಂಧಕದ ಲವಣವಿದ್ದರೆ ಸಾಕೆಂದು ದುಡಿಯುವವರು ನಮ್ಮ ಕಚೇರಿಯಲ್ಲಿ ಒಬ್ಬರೂ ಇಲ್ಲ.

ಆದರೆ ವರದಿ ಓದಿದ ವ್ಯವಸ್ಥಾಪಕರು, ತಿಂದವರೇ ಲಿಖಿತವಾಗಿ ಒಪ್ಪಿಕೊಳ್ಳದೆ ನೋಟಿಸು ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲವೆಂದರು. ಆದ್ದರಿಂದ ತಾವು ದಯಮಾಡಿ ಎರಡು ಸಾಲಿನ ತಪ್ಪೊಪ್ಪಿಗೆ ಬರೆದು, ಕೋಟಿ ಕೋಟಿ ಸದಸ್ಯರೆಲ್ಲರ ಸಹಿಯೊಂದಿಗೆ ಮೂರು ಪ್ರತಿ ಕಳುಹಿಸಿಕೊಡಬೇಕು. ಸಹಿ ಹಾಕುವಷ್ಟರಲ್ಲಿ ಹುಟ್ಟಿದವರಿಗೆ ಪ್ರತ್ಯೇಕ ಹಾಳೆ ಲಗತ್ತಿಸಿ.

ತಮ್ಮ ಹಸಿವಿನ ಮೇಲೆ ಅಚಲ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಮಾಪಕದವನು

ಮರುದಿನ ಸೇರಿಸಿದ್ದು: ಈ ಕಾಗದವನ್ನು ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಿದ್ದೆ. ಅದನ್ನೋದಿ ನಕ್ಕವರಲ್ಲಿ ವ್ಯವಸ್ಥಾಪಕರ ಮೇಲಧಿಕಾರಿಯೂ ಇದ್ದುದರಿಂದ ನನ್ನ ನೋಟಿಸು ರದ್ದಾಗಿದೆ. ತಮ್ಮನ್ನು ವಿಚಾರಿಸಲು ವ್ಯವಸ್ಥಾಪಕರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಹುಟ್ಟಿದೆ. ಬೆಳಿಗ್ಗೆ ಮೂವರಿದ್ದರು, ಸಂಜೆಗೆ ಒಂಬತ್ತು ಮಂದಿಯಾಗಿದ್ದಾರೆ, ತಿಂಡಿಯನ್ನೂ ತರಿಸಿಕೊಂಡಿದ್ದಾರೆ. ತಾವು ಇನ್ನು ಸ್ವಲ್ಪ ಬೇಗ ಬೇಗ ಉಣ್ಣುವುದು ಒಳ್ಳೆಯದು.