ಅತ್ತೆ ಕದ್ದ ಬನಿಯನ್

ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಕಳ್ಳಿ. ಉಪ್ಪುಂದದಿಂದ ತಲ್ಲೂರಿನ ನಮ್ಮ ಮನೆಗೆ ಬಂದು ಹೋದಳೆಂದರೆ ಏನಾದರೊಂದು ಕಾಣೆಯಾಯಿತೆಂದೇ ಲೆಕ್ಕ. ಹಾಗಂತ ಬಂಗಾರ, ಬೆಳ್ಳಿ ಎಲ್ಲಿ ಬೇಕಾದರೂ ಬಿಸಾಡಿಡಿ, ಅವಳು ತಿರುಗಿಯೂ ನೋಡುವುದಿಲ್ಲ. ಕದಿಯುವುದು ಕಸ ಮಾತ್ರ! ಈರುಳ್ಳಿ ಚೀಲದ ಬಲೆ, ಮೊಟ್ಟೆಯ ಟ್ರೇ, ಹರಿದ ಸೊಳ್ಳೆಪರದೆ. ಅವಳ ಬಸ್ಸು ಬರುವ ಹೊತ್ತಿಗೆ ಅಮ್ಮ ಕಸದ ಬುಟ್ಟಿಯನ್ನು ಬಚ್ಚಿಡುತ್ತಿದ್ದಳು. "ಮರ್ಯಾದಿ ಹೋತ್ತ್ ಮಾರಾಯಾ. ನಮ್ಮನಿ ಕಸ ಊರಿನ್ ಗ್ವಾಡಿ ಮೇಲೆಲ್ಲ ಇತ್ತ್!"

ಎಲ್ಲ ಶುರುವಾದದ್ದು ಮೊಬೈಲಿನ ಒಂದು ವಿಡಿಯೋದಿಂದ. ಜೆಲಾಟಿನ್ ಪುಡಿಯನ್ನು ಬಿಸಿನೀರು, ಗ್ಲಿಸರಿನ್ ಜೊತೆ ಕಲಸಿ ತಟ್ಟೆಗೆ ಹೊಯ್ದರೆ ಹಲ್ವದಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಬಣ್ಣ ಸವರಿ, ಕಸ ಇಟ್ಟು, ಕಾಗದ ಒತ್ತಿ ತೆಗೆದರೆ ಚಿತ್ರ! ಮೊದಲ ತಟ್ಟೆ ಗಟ್ಟಿಯಾದ ದಿನವೇ ಅತ್ತೆಯ ಗಂಡ ಒಂದು ಮೂಲೆ ಕತ್ತರಿಸಿ ತಿಂದರು. "ಲಾಯ್ಕಿತ್ತ್. ಸಕ್ರಿ ಸಲ್ಪ ಕಮ್ಮಿ," ಎಂದು ಇನ್ನೊಂದು ಮೂಲೆಯನ್ನೂ ತಿಂದರು. ಮರುದಿನ ಕೋಟಕ್ಕೆ ಹೊರಟವರು ದಾರಿಯಲ್ಲಿ ಮೂರು ಸಲ ಬಸ್ಸು ನಿಲ್ಲಿಸಿದರಂತೆ.

ಏಪ್ರಿಲ್ ಸೆಖೆಗೆ ಆ ಹಲ್ವ ಕರಗತೊಡಗಿತು. ಅತ್ತೆ ಅದನ್ನು ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಪಕ್ಕ ಇಟ್ಟಳು. ಆಮೇಲೆ ನೆಂಟರಿಗೆಲ್ಲ ಹಂಚಿದ ಚಿತ್ರಗಳ ಕಥೆ ಏನು ಹೇಳಲಿ? ನಮ್ಮ ಗೋಡೆಯಲ್ಲಿದ್ದದ್ದನ್ನು ಮನುಷ್ಯರಿಗಿಂತ ಬೆಕ್ಕುಗಳೇ ಹೆಚ್ಚು ಮೆಚ್ಚಿದವು!

ಹಂಚುವುದಕ್ಕೂ ಅವಳದೊಂದು ಕಾನೂನು. ಮೊದಲ ಕಾಗದದಲ್ಲಿ ವಸ್ತು ಇದ್ದ ಜಾಗ ಬರೀ ಬಿಳಿ. ವಸ್ತುವನ್ನು ಎತ್ತಿ ಎರಡನೆಯ ಕಾಗದ ಒತ್ತಿದರೆ ಅದರ ಎಳೆ ಎಳೆಯೂ ಮೂಡುತ್ತದೆ. "ಮೊದಲ್ನೇದ್ ಊರಿಗೆ, ಎರಡ್ನೇದ್ ನಂಗೆ," ಎನ್ನುತ್ತಿದ್ದಳು. ಎಷ್ಟು ಗೋಗರೆದರೂ ಎರಡನೆಯದನ್ನು ಯಾರಿಗೂ ಕೊಟ್ಟವಳಲ್ಲ.

ಅಪ್ಪ ತೀರಿಕೊಂಡ ಮರುವರ್ಷ ಒಮ್ಮೆ ಅವಳು ಬಂದು ಹೋದ ಮೇಲೆ, ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿದ್ದ ಅಪ್ಪನ ಬನಿಯನ್ ಕಾಣಲಿಲ್ಲ. ಬಟ್ಟೆಗಿಂತ ತೂತೇ ಜಾಸ್ತಿ ಇದ್ದ ಬನಿಯನ್. ಹೊಸದು ತಂದುಕೊಟ್ಟರೂ, "ಗಾಳಿ ಆಡ್ಲಿ ಬಿಡೆ," ಎಂದು ಅಪ್ಪ ಅದನ್ನೇ ಹಾಕುತ್ತಿದ್ದರು. ಅವರ ಬಟ್ಟೆಗಳಲ್ಲಿ ಅಮ್ಮ ಉಳಿಸಿಕೊಂಡದ್ದು ಅದೊಂದೇ. ಅನ್ನದ ಮುಂದೆ ಕೂತವಳು ಮುಟ್ಟದೆ ಎದ್ದಳು. ನಾನು ಅತ್ತೆಗೆ ಫೋನ್ ಮಾಡಿ ಕೂಗಾಡಿದೆ.

"ಅಯ್ಯೋ ದೇವ್ರೇ, ಅದ್ ಬನಿಯನಾ? ನಾನ್ ಮೀನ್ ಹಿಡು ಬಲಿ ಅಂದೇಳಿ ಎಣ್ಸಿದೆ!"

ಮರುದಿನ ಮೊದಲ ಬಸ್ಸಿಗೇ ಬಂದಳು. ಕೈಯಲ್ಲಿದ್ದ ಬನಿಯನ್ ಎರಡು ತುಂಡು. "ಬಣ್ಣ ಹೋಯ್ಲಿ ಅಂದೇಳಿ ಒಗ್ದೆ ಅತ್ಗಿ. ಹರ್ದ್ ಹೋಯ್ತ್." ಅಮ್ಮ ಗೋಡೆಗೆ ಮುಖ ಮಾಡಿ ಕೂತಳು. ಅತ್ತೆ ಚೀಲದಿಂದ ಒಂದು ಕಾಗದ ತೆಗೆದು ಅವಳ ಮಡಿಲಲ್ಲಿಟ್ಟಳು. ಎರಡನೆಯದು! ನೀಲಿಯಲ್ಲಿ ಪೂರ್ತಿ ಬನಿಯನ್; ಬೀಡಿ ಸುಟ್ಟ ತೂತು, ಹೆಗಲಿನ ಸೊಟ್ಟ ಹೊಲಿಗೆ, ಎಲ್ಲ. ಅಮ್ಮ ಆ ಹೊಲಿಗೆಯ ಮೇಲೆ ಬೆರಳಾಡಿಸಿ, "ಇದ್ ನಾನ್ ಹೊಲ್ದದ್," ಎಂದು ಅತ್ತಳು.

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಂಗಾರೆ ನಿಂಗೆ?" ಎಂದು ಕೇಳಿದಳು.

"ನಂಗೆ ಮೊದಲ್ನೇದ್ ಸಾಕ್," ಎಂದಳು ಅತ್ತೆ. ಬನಿಯನ್ ಇದ್ದ ಜಾಗ ಬರೀ ಬಿಳಿಯಾಗಿರುವ ಕಾಗದ. ಅವರು ನನಗೆ ಅಪ್ಪನಾಗುವ ಎಷ್ಟೋ ಮೊದಲೇ ಅವಳಿಗೆ ಅಣ್ಣನಾಗಿದ್ದರೆಂಬುದು, ಫೋನಿನಲ್ಲಿ ಕೂಗಾಡುವಾಗ ನನಗೆ ಹೊಳೆದೇ ಇರಲಿಲ್ಲ.

ಸಂಜೆಯ ಬಸ್ಸಿಗೆ ಅತ್ತೆ ಹೊರಟಳು. ಗೇಟು ದಾಟುವಷ್ಟರಲ್ಲಿ ಅಮ್ಮ ಬಚ್ಚಿಟ್ಟಿದ್ದ ಈರುಳ್ಳಿ ಬಲೆ ಹಿಡಿದು ಹಿಂದೆಯೇ ಓಡಿದಳು. "ಹ್ವಾಯ್, ಇದನ್ನ್ ಬಿಟ್ಟಿಕ್ ಹೋತ್ಯಾ?"